ಸಿಂದಗಿಯ ಗೊಂಬೆಯ ಡಬ್ಬಿ ಬಿಚ್ಚಿದ್ದು

ಬಸವನ ಬಾಗೇವಾಡಿಯ ಗುಂಡವ್ವನಿಗೆ ಎದುರು ಬಂದು ನಿಂತವರ ಮೈ ನೋಡಿದರೆ ಸಾಕು, ಜಂಪರಿನ ಅಳತೆ ತಿಳಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ಕೂತವಳು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ, ಈಗಲೂ ಅದೇ ಮಷಿನ್ ತುಳಿಯುತ್ತಿದ್ದಳು. ಊರು ಬಿಟ್ಟು ಹೋಗುವುದೆಂದರೆ ಮಗಳ ಮನೆಗೆ, ಇಲ್ಲವೇ ಯಾರದಾದರೂ ಮಣ್ಣಿಗೆ.

ಅಂಥವಳನ್ನು ತಂಗಿಯ ಮಗಳು ಸುಮಂಗಲಾ ಒಂದು ಭಾನುವಾರ ವಿಜಯಪುರಕ್ಕೆ ಹೊರಡಿಸಿದಳು. ಸುಮಂಗಲಾ ಶಾಲೆಯ ಟೀಚರು. ಮನೆಯ ಶೋಕೇಸಿನ ತುಂಬ ಪುಟ್ಟಪುಟ್ಟ ಬಸ್ಸು ಜೋಡಿಸಿಟ್ಟವಳು.

“ಆಟಿಗಿ ಸಾಮಾನಿನ ಸಮ್ಮೇಳನ ಐತಿ ದೊಡ್ಡವ್ವಾ. ಇಂಡಿ, ಮುದ್ದೇಬಿಹಾಳ, ಎಲ್ಲಾ ಕಡಿಂದ ಮಂದಿ ಬರ್ತಾರ.”

“ಸಣ್ಣ ಹುಡುಗ್ರು ಬರ್ತಾವೇನ?”

“ಇಲ್ಲ, ಎಲ್ಲಾ ದೊಡ್ಡವ್ರ.”

ಗುಂಡವ್ವನ ಗೊಂದಲ ಅಲ್ಲಿಂದಲೇ ಶುರುವಾಯಿತು.

ಕಲ್ಯಾಣ ಮಂಟಪದೊಳಗೆ ಹೋದರೆ ಗಡ್ಡ ಬಿಟ್ಟ ಗಂಡಸರು ಬೆರಳುದ್ದದ ಕಾರುಗಳ ಮೇಲೆ ಬಾಗಿ ನಿಂತಿದ್ದರು. ರಟ್ಟಿನ ಕವಚ ತೊಟ್ಟ ಒಬ್ಬ, ಮುಖವಾಡ ಹಣೆಗೆ ಏರಿಸಿಕೊಂಡು ಚಹಾ ಕುಡಿಯುತ್ತಿದ್ದ. ಸುಮಂಗಲಾ ಬಸ್ಸಿನವರ ಗುಂಪಿನಲ್ಲಿ ಮಾಯವಾದಳು. ಗುಂಡವ್ವ ಒಂದು ಮೇಜಿನ ಮುಂದೆ ನಿಂತು ಪುಟ್ಟ ರೈಲು ನೋಡಿದಳು.

“ಎಷ್ಟಕ್ಕ ಕೊಡ್ತೀರಿ?”

“ಮಾರಾಕಲ್ರಿ ಇದು.”

“ಮತ್ತ ಆಡಾಕೇನ್ರಿ?”

“ಆಡಾಕೂ ಅಲ್ರಿ. ಇಡಾಕ.”

ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ಕೋಡು ಮುರಿದುಕೊಳ್ಳುವ ತನಕ ಆಡಿ ಬೆಳೆದವಳಿಗೆ ಈ ಮಾತು ಹತ್ತಲೂ ಇಲ್ಲ, ಹರಿಯಲೂ ಇಲ್ಲ. ಕಾಲು ನೋವೆಂದು ಪಕ್ಕದ ಮೇಜಿನ ಬಳಿಯ ಖುರ್ಚಿಯಲ್ಲಿ ಕೂತಳು.

ಆ ಮೇಜು ಸಿಂದಗಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಅಮಿತನದು. ಅದರ ಮೇಲೆ ಪಾರದರ್ಶಕ ಮುಚ್ಚಳದ ಡಬ್ಬಿಯೊಳಗೆ ಒಂದೇ ಒಂದು ಗೊಂಬೆ.

“ಅವ್ವಾರ, ಚಾ ಕುಡದ ಬರ್ತೇನಿ. ಇದನ್ನ ಸ್ವಲ್ಪ ನೋಡ್ರಿ,” ಎಂದು ಅಮಿತ ಎದ್ದು ಹೋದ.

ಗುಂಡವ್ವ ನೋಡಿದಳು. ಗೊಂಬೆಯ ಅಂಗಿಯ ತೋಳಿಗೆ ಎಂಥ ನೆರಿಗೆ! ಆದರೆ ಹೊಲಿಗೆ ಕಾಣಿಸದು. ನೋಡಲು ಹೇಳಿ ಹೋಗಿದ್ದಾನೆ, ಹೊರಗಿನಿಂದ ಏನು ನೋಡುವುದು? ಚೀಲದಲ್ಲಿ ಸದಾ ಇರುವ ಕತ್ತರಿ ತೆಗೆದು ಡಬ್ಬಿಯ ಅಂಟುಪಟ್ಟಿ ಕೊಯ್ದಳು. ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿ, ತೋಳು ಮಗುಚಿ ನೋಡತೊಡಗಿದಳು.

“ಏನ್ ಮಾಡಿದ್ರೀ ಇದು!”

ಅಮಿತನ ಕೂಗಿಗೆ, ರಸ್ತೆಯಲ್ಲಿ ಗಾಡಿ ಬಿದ್ದಂತೆ ಜನ ಸೇರಿದರು.

“ನೀವ ನೋಡ್ರಿ ಅಂದ್ರೆಲ್ರಿ?”

“ನೋಡ್ರಿ ಅಂದ್ರ ಕಾಯ್ರಿ ಅಂತ್ರಿ! ತಂದಾಗಿಂದ ಯಾರೂ ಬಿಚ್ಚಿದ್ದಿಲ್ಲ ಅದನ್ನ!”

“ಯಾಕ್ರಿ? ಬಿಚ್ಚಾಕ ಬರ್ತಿದ್ದಿಲ್ಲೇನ?” ಅವಳು ಖರೆ ತಿಳಿಯದೇ ಕೇಳಿದಳು. ಹಿಂದೆ ಯಾರೋ ನಕ್ಕರು. ಅಮಿತ ನಗಲಿಲ್ಲ. ಒಮ್ಮೆ ಬಿಚ್ಚಿದರೆ ಅದರ ಬೆಲೆಯೇ ಹೋಯಿತೆಂದ. ಗುಂಡವ್ವ ಗೊಂಬೆಯನ್ನು ತಿರುಗಿಸಿ ನೋಡಿದಳು. ಗೀರಿಲ್ಲ, ಹರಕಿಲ್ಲ. ಹೋದದ್ದು ಏನು?

“ತಪ್ಪಾತ್ರಿ. ಡಬ್ಬಿ ಹೊಲದ ಕೊಡ್ಲೇನ್ರಿ?”

ಅಮಿತ ತಂಗಿ ಕೋಮಲಾಳಿಗೆ ವಿಡಿಯೊ ಕಾಲ್ ಮಾಡಿದ. ಗೊಂಬೆ ಅವಳದು. ಚಿಕ್ಕವಳಿದ್ದಾಗ ಅಪ್ಪ ಮುಂಬೈಯಿಂದ ತಂದಿದ್ದರು; ಹೊಲಸಾಗುತ್ತದೆಂದು ಅವ್ವ ಅದನ್ನು ಕಪಾಟಿನ ಮೇಲೆ ಇಟ್ಟವಳು ಇಳಿಸಲೇ ಇಲ್ಲ. ಕೋಮಲಾ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದಳು. ಬಿಚ್ಚಿದ ಗೊಂಬೆ ಕಂಡು ಮುಖವನ್ನು ಫೋನಿನ ಹತ್ತಿರ ತಂದಳು. ಬೈಗುಳ ಬಂತೆಂದು ಗುಂಡವ್ವ ತಲೆ ತಗ್ಗಿಸಿದಳು.

“ಕೂದಲಾ ಬಾಚಾಕ ಬರ್ತಾವೇನಣ್ಣಾ?”

ಅಮಿತ ಮೆಲ್ಲಗೆ ಮುಟ್ಟಿದ. “ಬರ್ತಾವ.”

“ಹಂಗಾರ ಮನಿಗೆ ತೊಗೊಂಡ ಬಾ. ಡಬ್ಬಿ ಬ್ಯಾಡ.” ಕೋಮಲಾ ನಗುತ್ತಿದ್ದಳು, ಕಣ್ಣೂ ಒರೆಸಿಕೊಳ್ಳುತ್ತಿದ್ದಳು.

ಅಮಿತ ಗೊಂಬೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಡಬ್ಬಿಯನ್ನು ಅಲ್ಲೇ ಬಿಟ್ಟು ನಡೆದ. ಗುಂಡವ್ವನಿಗೆ ಬೈಯಲೂ ಇಲ್ಲ, ಬರ್ತೇನಿ ಅನ್ನಲೂ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಗುಂಡವ್ವ ಸುಮಂಗಲಾಳ ಕಡೆ ತಿರುಗಿದಳು.

“ಸುಮಾ, ನಾ ಮಾಡಿದ್ದು ಚಲೋ ಆತೋ, ಕೆಟ್ಟ ಆತೋ?”

“ನನಗೂ ತಿಳೀವಲ್ದು ದೊಡ್ಡವ್ವಾ. ಮುಂದಿನ ವರ್ಷ ಬರ್ತೀಯೇನ?”

“ಬರ್ತೇನಿ. ಆದ್ರ ಅಲ್ಲಿ ಹೆಂಗ ಇರಬೇಕು ಅಂತ ಮೊದಲ ಹೇಳಿ ಕರಕೊಂಡ ಹೋಗು.”