ಹಂದಿಗಂಟೆಯ ಬಗ್ಗೆ ಅಕ್ಕ ಹೇಳಿದ್ದು

ಅಕ್ಕನನ್ನು ಮಣ್ಣು ಮಾಡಿ ಬಂದ ದಿನ ಜಗಲಿಯ ಮೇಲೆ ಕೂತ ಹೆಂಗಸರು, "ಪಾಪ, ಮಾತೇ ಆಡದ ಜೀವ" ಎಂದರು. ಒಳ್ಳೆಯ ಮನಸ್ಸಿನಿಂದ ಅಂದದ್ದೇ. ಜನ ಎದ್ದು ಹೋದ ಮೇಲೂ ಆ ಮಾತು ಮನೆಯಲ್ಲೇ ಉಳಿದಂತೆ ಅನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬರೆದು ಅಭ್ಯಾಸವಿಲ್ಲ.

ಅಕ್ಕ ಮಾತಾಡದವಳಲ್ಲ. ಅವಳಿಗೆ ತೊದಲು ಇತ್ತು. ಒಂದು ಮಾತು ಶುರು ಮಾಡಿದರೆ ಮೊದಲ ಅಕ್ಷರದಲ್ಲೇ ನಿಲ್ಲುತ್ತಿದ್ದಳು, ಕುತ್ತಿಗೆಯ ನರ ಬಿಗಿಯುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದವರೇ ಆ ಮಾತನ್ನು ಮುಗಿಸಿಬಿಡುತ್ತಿದ್ದರು. ಮನೆಯಲ್ಲಿ ಆ ಕೆಲಸ ನನ್ನದು. ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಅವಳು ನನ್ನ ಕಡೆ ನೋಡುವ ಮೊದಲೇ ನಾನು ಹೇಳಿಯಾಗಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮದು ತಿಗನಾರೆ, ಗಡಿಯಾಚೆ ತಮಿಳು ಸೀಮೆಗೆ ಸೇರಿದ, ಘಾಟಿನ ಮೇಲಿನ ಕನ್ನಡದ ಊರು. ಕಾಮಾಲೆಯಾಗಿ ಅಕ್ಕನಿಗೆ ಒಂದು ವರ್ಷ ಶಾಲೆ ತಪ್ಪಿದ್ದರಿಂದ ಇಬ್ಬರೂ ಒಂಬತ್ತನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಆ ವರ್ಷ ಸತ್ಯಮಂಗಲದಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನ ಇದೆ, ನಮ್ಮ ಶಾಲೆಯಿಂದಲೂ ಏನಾದರೂ ಒಯ್ಯಬೇಕು ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಪುಸ್ತಕದಲ್ಲಿದ್ದ ವಿದ್ಯುತ್ ಗಂಟೆಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, "ಇದನ್ನ ಯಾರು ಮಾಡ್ತೀರಿ?" ಎಂದು ಕೇಳಿದರು. ಅಕ್ಕ ಕೈ ಎತ್ತಿದಳು.

ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ತಾಮ್ರದ ತಂತಿಯನ್ನು ಬಿಚ್ಚಿ ತಂದು, ದಪ್ಪ ಮೊಳೆಗೆ ಒತ್ತೊತ್ತಾಗಿ ಸುತ್ತಿದಳು. ಗಂಟೆ ಸೈಕಲ್ಲಿನದು. ಬ್ಯಾಟರಿಯ ಸೆಲ್ಲುಗಳನ್ನು ಅಪ್ಪನ ಟಾರ್ಚಿನಿಂದ ತೆಗೆದಳು. ಇಷ್ಟು ಪುಸ್ತಕದಲ್ಲಿತ್ತು. ದಾರ ಮಾತ್ರ ಅವಳದೇ ಯೋಚನೆ. ಎರಡು ತಗಡಿನ ಪಟ್ಟಿಗಳ ನಡುವೆ ಒಂದು ಬಿದಿರಿನ ಸೀಳು, ಸೀಳಿಗೆ ಕಟ್ಟಿದ ದಾರ ಹೊಲದ ಸುತ್ತ. ರಾಗಿ ತಿನ್ನಲು ಬಂದ ಕಾಡುಹಂದಿ ದಾರ ತಾಗಿಸಿದರೆ ಸೀಳು ಕಳಚುತ್ತದೆ, ತಗಡುಗಳು ಮುಟ್ಟುತ್ತವೆ, ಗಂಟೆ ಬಡಿಯುತ್ತದೆ. ಹಲಗೆಯ ಮೇಲೆ ಮಣ್ಣು ಹರಡಿ ರಾಗಿ ಮೊಳಕೆ ಬರಿಸಿದೆವು. ಜೇಡಿಮಣ್ಣಿನ ಹಂದಿಯನ್ನು ನಾನು ಮಾಡಿದೆ. ಅವ್ವ ನೋಡಿ, "ಇದೇನ್ ಅಂದಿನಾ, ಬಸುರಿ ಮೇಕೆನಾ?" ಎಂದಳು.

ಎಲ್ಲ ಸಿದ್ಧವಾದ ಮೇಲೆ ಮೇಷ್ಟ್ರು ವಿವರಣೆಯನ್ನು ತಮಿಳಿನಲ್ಲಿ ಹೇಳಿಕೊಟ್ಟರು. ನಮ್ಮದು ಕನ್ನಡ ಶಾಲೆಯಾದರೂ ಕೆಳಗಿನವರಿಗೆ ತಮಿಳಿನಲ್ಲೇ ಹೇಳಬೇಕು. ತಮಿಳು ನಮಗೆ ಸಂತೆಯಿಂದಲೇ ಬರುತ್ತಿತ್ತು, ಅದು ಕಷ್ಟವಲ್ಲ. ಅವರು ನನ್ನ ಕಡೆ ತಿರುಗಿ, "ಕೆಲಸ ಅಕ್ಕ ಮಾಡಿದಾಳೆ, ಮಾತು ನೀನು ಆಡು" ಎಂದರು.

ಅಕ್ಕ ಎದ್ದು ನಿಂತಳು. "ನಾ... ನಾ... ನಾನೇ ಏಳ್ತೀನಿ, ಸಾ."

ಮೇಷ್ಟ್ರು ಒಳ್ಳೆಯವರು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. "ಆಗಲಿ. ಅಲ್ಲಿ ನಿಂತುಹೋದರೆ ಮಾತ್ರ ತಂಗಿ ಮುಂದುವರಿಸಬೇಕು" ಎಂದರು.

ರಾಗಿ ತೆನೆ ಬಲಿಯುವ ಕಾಲ ಅದು. ಸಂಜೆ ಅಪ್ಪ ಹಟ್ಟಿಯ ಕೆಲಸ ಮುಗಿಸಿ ಬರುವವರೆಗೆ ನಾವಿಬ್ಬರು ಹೊಲದ ಅಟ್ಟಣೆಯ ಮೇಲೆ ಕಾವಲು ಕೂರುತ್ತಿದ್ದೆವು. ನಮ್ಮ ಕಡೆ ಕಾವಲಿಗೆ ಒಂದು ಕ್ರಮವಿತ್ತು. ಒಂದು ಹೊಲದವರು ರಾಗ ಎಳೆದು ಕೂಗಬೇಕು, ಪಕ್ಕದ ಹೊಲದವರು "ಓ" ಎನ್ನಬೇಕು. "ಓ" ಬಂದರೆ ಅಲ್ಲಿ ಎಚ್ಚರವಾಗಿದ್ದಾರೆ ಎಂದರ್ಥ. ಅದು ಬರುವವರೆಗೆ ಮುಂದಿನ ಮಾತು ಹೇಳುವಂತಿರಲಿಲ್ಲ. ಹಾಗೆ ಕೂಗುವಾಗ ಅಕ್ಕನಿಗೆ ತೊದಲು ಬರುತ್ತಿರಲಿಲ್ಲ. ಯಾಕೆಂದು ನಮಗೆ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಅವಳು ವಿವರಣೆಯನ್ನು ಅಲ್ಲೇ ಅಭ್ಯಾಸ ಮಾಡಿದಳು. ಒಂದು ವಾಕ್ಯ ಕೂಗಿ ನಿಲ್ಲಿಸುವಳು. ಪಕ್ಕದ ಹೊಲದಲ್ಲಿ ಕಾವಲಿದ್ದ ಮಾವ ಮೊದಲ ದಿನ "ಓ" ಎನ್ನುವ ಬದಲು ಕಿರುಚಿದರು.

"ಏನಮ್ಮಿ ಅದು? ಕಾಡಂದಿಗೆ ತಮಿಳು ಕಲಿಸ್ತಿದ್ದೀಯಾ?"

"ಪಾಠ ಕಣ್ ಮಾವಾ!" ಎಂದು ನಾನು ಕೂಗಿದೆ.

"ಆ ಅಂದಿಗಳು ಚಾಮರಾಜನಗರದ ಕಡೆಯವು. ಕನ್ನಡದಲ್ಲೇ ಏಳೋಕೇಳು!"

ಅಕ್ಕ ನಕ್ಕಳು. ನಕ್ಕು ಮತ್ತೆ ಮೊದಲಿಂದ ಕೂಗಿದಳು. ಮಾವನೂ ದಾರಿಗೆ ಬಂದು "ಓ" ಎಂದರು. ಮರುದಿನದಿಂದ ಅವರಿಗೇ ಪಾಠ ಬಾಯಿಗೆ ಬಂದುಬಿಟ್ಟಿತ್ತು. ಅವಳು ಒಂದು ವಾಕ್ಯ ಬಿಟ್ಟರೆ, "ಸೆಲ್ಲು ಎಲ್ಲಿಗೋಯ್ತು? ನುಂಗ್ಬುಟ್ಯಾ?" ಎಂದು ಆಚೆಯಿಂದ ತಗಾದೆ ಬರುತ್ತಿತ್ತು. ತೆನೆಗಳ ಮೇಲೆ ಬೆಳಕು ಇಳಿಯುವ ಆ ಹೊತ್ತಿನಲ್ಲಿ ಅಕ್ಕನ ದನಿ ಎಲ್ಲೂ ತಡೆಯದೆ ಹೋಗುತ್ತಿದ್ದುದನ್ನು ನೆನೆಸಿಕೊಂಡರೆ ಈಗಲೂ ಮನಸ್ಸು ತಣ್ಣಗಾಗುತ್ತದೆ.

ಪ್ರದರ್ಶನದ ದಿನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಸನೂರಿನ ಮೇಲಿಂದ ಬಸ್ಸಿನಲ್ಲಿ ಸತ್ಯಮಂಗಲಕ್ಕೆ ಇಳಿದೆವು. ದಿಂಬಂ ಘಾಟಿನ ತಿರುವುಗಳಲ್ಲಿ ರಾಗಿ ಮೊಳಕೆಯೆಲ್ಲ ಒಂದು ಕಡೆಗೆ ವಾಲಿತು. ನಾನು ವಾಂತಿ ಮಾಡಿಕೊಂಡೆ. ಅಕ್ಕ ತುಟಿ ಅಲ್ಲಾಡಿಸುತ್ತ ಕೂತಿದ್ದಳು.

ದೊಡ್ಡ ಹಾಲ್, ಸಾಲು ಮೇಜುಗಳು. ಪರೀಕ್ಷಿಸಲು ಇಬ್ಬರು ಬಂದರು, ಕನ್ನಡಕ ಹಾಕಿದ ಒಬ್ಬ ಗಂಡಸು, ವಯಸ್ಸಾದ ಒಬ್ಬ ಟೀಚರಮ್ಮ. ಅಕ್ಕ ನೇರ ನಿಂತು ಮೊದಲ ವಾಕ್ಯ ಹೇಳಿದಳು. ಅಟ್ಟಣೆಯ ಮೇಲೆ ಹೇಳಿದ ಹಾಗೆಯೇ, ರಾಗ ಎಳೆದು, ಎರಡು ಹೊಲ ದಾಟುವಷ್ಟು ಗಟ್ಟಿಯಾಗಿ. ಇಡೀ ಹಾಲ್ ತಿರುಗಿ ನೋಡಿತು. ಯಾರೋ ಕಿಸಕ್ಕೆಂದರು. ಅಕ್ಕ ನಿಲ್ಲಿಸಿದಳು.

ಮುಂದಿನ ವಾಕ್ಯ ಬರಲಿಲ್ಲ. "ಅಪ್ಪುರಂ?" ಎಂದರು ಕನ್ನಡಕದವರು, ಆಮೇಲೆ ಏನು ಎಂದು. ಅಕ್ಕ ಸುಮ್ಮನೆ ನಿಂತಿದ್ದಳು. ಮರೆತುಹೋಯಿತು ಎಂದುಕೊಂಡು ಅವರು ಪಕ್ಕದ ಮೇಜಿನ ಕಡೆ ನೋಡಿದರು. ಹಿಂದೆ ನಿಂತಿದ್ದ ಮೇಷ್ಟ್ರು ನನಗೆ ಕೈಸನ್ನೆ ಮಾಡಿದರು, ಶುರು ಮಾಡು ಎಂದು. ನಾನು ಬಾಯಿ ತೆರೆದೆ. ಆಗ ಅಕ್ಕನ ಮುಖ ಕಂಡಿತು. ಕುತ್ತಿಗೆಯ ನರ ಬಿಗಿದಿರಲಿಲ್ಲ. ಅವಳು ತೊದಲಿ ನಿಂತಿರಲಿಲ್ಲ, ಕಾಯುತ್ತಿದ್ದಳು. ಕಿವಿ ಕೊಟ್ಟು ಕಾಯುತ್ತಿದ್ದಳು.

"ಓ" ಎಂದೆ ನಾನು.

ಅಕ್ಕ ಎರಡನೇ ವಾಕ್ಯ ಹೇಳಿದಳು. ನಿಲ್ಲಿಸಿದಳು. ನಾನು "ಓ" ಎಂದೆ. ಹೀಗೆ ಕೊನೆಯವರೆಗೂ ನಡೆಯಿತು. ಮೇಷ್ಟ್ರು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಕನ್ನಡಕದವರು ನಡುವೆಯೇ ಮುಂದಿನ ಮೇಜಿಗೆ ಹೋಗಿಬಿಟ್ಟರು. ಟೀಚರಮ್ಮ ಮಾತ್ರ ನಿಂತು ಕೇಳಿದರು. ಮಣ್ಣಿನ ಹಂದಿಯನ್ನು ತಳ್ಳಿದಾಗ ದಾರ ಎಳೆದು ಗಂಟೆ ಸರಿಯಾಗಿಯೇ ಬಡಿಯಿತು.

ಎಲ್ಲ ಮುಗಿಯಿತು ಎಂದುಕೊಂಡಾಗ ಆಕೆ ಒಂದು ಪ್ರಶ್ನೆ ಕೇಳಿದರು. "ಈ ಸದ್ದಿಗೆ ಹಂದಿ ಹೆದರುತ್ತದೆಯೇ?"

ಇದು ಪಾಠದಲ್ಲಿರಲಿಲ್ಲ. ಇದನ್ನು ಅಕ್ಕ ಎಂದೂ ಕೂಗಿರಲಿಲ್ಲ. ಅವಳ ಬಾಯಿ ಮೊದಲ ಅಕ್ಷರಕ್ಕೆ ಸಿಕ್ಕಿಕೊಂಡಿತು, ಕುತ್ತಿಗೆ ಬಿಗಿಯಿತು. ಉತ್ತರ ನನಗೂ ಗೊತ್ತಿತ್ತು. ಹೇಳಲು ಹೊರಟೆ. ಅಕ್ಕ ಮೇಜಿನ ಕೆಳಗೆ ನನ್ನ ಲಂಗ ಹಿಡಿದು ಜಗ್ಗಿದಳು.

ಅವಳೇ ಹೇಳಿದಳು. ಪ್ರತಿ ಮಾತಿಗೂ ತಡೆಯುತ್ತ, ಕಣ್ಣು ಮುಚ್ಚಿ ತೆರೆಯುತ್ತ, ಮಾಮೂಲಿ ದನಿಯಲ್ಲಿ. ಹಂದಿ ಒಂದೆರಡು ಸಲ ಹೆದರುತ್ತದೆ, ಆಮೇಲೆ ಅದಕ್ಕೂ ಅಭ್ಯಾಸವಾಗುತ್ತದೆ. ಗಂಟೆ ಇರುವುದು ಹಂದಿಗಲ್ಲ, ದಣಿದು ಮಲಗಿದ ಅಪ್ಪನಿಗೆ. ಅಪ್ಪ ಎದ್ದರೆ ಸಾಕು, ಹಂದಿ ಅವರಿಗೆ ಹೆದರುತ್ತದೆ. ಇಷ್ಟನ್ನು ಹೇಳಲು ಬಹಳ ಹೊತ್ತು ಬೇಕಾಯಿತು. ಟೀಚರಮ್ಮ ಗಡಿಯಾರ ನೋಡಲಿಲ್ಲ. ಮುಗಿದ ಮೇಲೆ "ಸರಿಮ್ಮಾ" ಎಂದು ಹೇಳಿ ಮುಂದೆ ಹೋದರು.

ಬಹುಮಾನ ಬರಲಿಲ್ಲ. ನೀರು ಶುದ್ಧಿ ಮಾಡುವ ಮಡಕೆ ತಂದವರಿಗೆ ಬಂತು. ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಬನ್ನು ತೆಗೆದುಕೊಟ್ಟು, "ಇಬ್ಬರೂ ಸೇರಿ ಆ ಹಾಲ್‌ನಲ್ಲೇ ಹಂದಿ ಓಡಿಸಿಬಿಟ್ಟಿರಿ" ಎಂದು ನಕ್ಕರು. ಅಕ್ಕನೂ ನಕ್ಕಳು.

ಬಸ್ಸಿನಲ್ಲಿ ಮೇಷ್ಟ್ರು ಮುಂದೆ ಕೂತರು, ನಾವು ಹಿಂದೆ. ಘಾಟು ಶುರುವಾಗುವಾಗ ಕಂಡಕ್ಟರ್ ನಮ್ಮ ಸೀಟಿಗೆ ಬಂದು "ಎಲ್ಲಿಗೆ?" ಎಂದ. ನಾನು ರೂಢಿಯಂತೆ ಬಾಯಿ ತೆರೆದೆ. ಅಕ್ಕ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ.

"ತಿ..." ಎಂದಳು ಅಕ್ಕ. "ತಿ... ತಿ..."

ಕಂಡಕ್ಟರ್ ಟಿಕೆಟ್ ಕಟ್ಟಿನ ಮೇಲೆ ಹೆಬ್ಬೆಟ್ಟು ಇಟ್ಟು ಕಂಬಕ್ಕೆ ಒರಗಿ ನಿಂತ. ಬಸ್ಸು ಒಂದು ತಿರುವು ಹತ್ತಿ ಇನ್ನೊಂದಕ್ಕೆ ತಿರುಗಿತು. ಕೆಳಗೆ ಬಯಲು ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಅಕ್ಕ ಊರಿನ ಹೆಸರು ಪೂರ್ತಿ ಹೇಳಿದಳು, ಎರಡು ಟಿಕೆಟ್ ಎಂದಳು.