ಮುಳ್ಳು ಒಂಬತ್ತು, ಬೋರ್ಡು ಆರು

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬೋರ್ಡಕ್ಕ ಎಂದೇ ಕರೆಯುತ್ತಿದ್ದರು. ರೇಡಿಯೊ ರಿಪೇರಿಯ ಅಪ್ಪನ ಪಕ್ಕ ಕೂತು ಬೆಸುಗೆ ಕಲಿತವಳು. ಆಮೇಲೆ ಎಷ್ಟೋ ಚಿಪ್ ಸುಟ್ಟು, ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕದ ಚಿಪ್ಪಿಗೆ ಪ್ರೋಗ್ರಾಂ ಬರೆಯುವುದನ್ನೂ ಕಲಿತಳು. ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅವಳ ಸ್ವಂತ ಅಣ್ಣ. "ಮಾಡೋಕೆ ಬೇರೆ ಕೆಲಸ ಇಲ್ವಾ ನಿಂಗೆ?" ಎಂದು ಗೊಣಗುತ್ತಿದ್ದವನು, ಅವಳು ಮಾಡಿದ ಬೋರ್ಡು ಬಾಯ್ಲರಿನ ಪಕ್ಕದ ಗೋಡೆಗೇರಿದ ಮೇಲೆ ಬಂದವರನ್ನೆಲ್ಲ ಕರೆದು ತೋರಿಸತೊಡಗಿದ.

ಒತ್ತಡಕ್ಕೊಂದು, ನೀರಿನ ಮಟ್ಟಕ್ಕೊಂದು ಸೆನ್ಸರ್. ಎರಡೂ ಕೊಡುವ ವೋಲ್ಟೇಜನ್ನು ಚಿಪ್ಪಿನೊಳಗಿನ ಒಂದೇ ಪರಿವರ್ತಕ ಸರದಿಯ ಮೇಲೆ ಅಂಕಿಯಾಗಿಸುತ್ತಿತ್ತು. ಒತ್ತಡ ಎಂಟು ಮುಟ್ಟಿದರೆ ಎಣ್ಣೆ ಉರಿಸುವ ಬರ್ನರ್ ತಾನಾಗಿ ಆರಬೇಕು.

ಒಂದು ಮಧ್ಯಾಹ್ನ ಅಣ್ಣನ ಫೋನ್ ಬಂತು.

"ಬಾಯ್ಲರಿನ ಹಳೇ ಒತ್ತಡದ ಮೀಟರಿಗೆ ತಲೆ ಕೆಟ್ಟಿದೆ ಕಣೇ. ಮುಳ್ಳು ಒಂಬತ್ತು ತೋರಿಸ್ತಿದೆ. ನಿನ್ನ ಬೋರ್ಡು ಆರು ಅಂತಿದೆ."

"ಬರ್ನರ್?"

"ಉರೀತಾನೇ ಇದೆ. ಪಂಪು ಸರಿಯಾಗಿ ಎಳೀತಿಲ್ಲ, ನೀರು ಸ್ವಲ್ಪ ಇಳೀತಿದೆ. ಇನ್ನೂ ಕೆಂಪು ಗೆರೆಗೆ ಬಂದಿಲ್ಲ ಬಿಡು."

"ಅಣ್ಣಾ, ನೀರು ಇಳಿದ ಹಾಗೆ ಬೋರ್ಡಲ್ಲಿ ಒತ್ತಡವೂ ಇಳೀತಿದೆಯಾ?"

ಅವನು ನೋಡಿ ಹೇಳಿದ. "ಹೌದಲ್ಲ! ಎರಡೂ ಒಟ್ಟಿಗೇ ಇಳೀತಿವೆ."

ಬೆಂಕಿ ಉರಿಯುತ್ತಿರುವಾಗ ಒತ್ತಡ ಯಾಕೆ ಇಳಿಯಬೇಕು? ಅವಳಿಗೆ ಹೊಳೆಯಿತು. ಒಂದೇ ಲೋಟವನ್ನು ತೊಳೆಯದೆ ಎರಡು ಪಾತ್ರೆಗೆ ಅದ್ದಿದ ಹಾಗಾಗಿತ್ತು. ಪರಿವರ್ತಕ ನೀರಿನ ಅಳತೆ ಮುಗಿಸಿದ್ದೇ ಒತ್ತಡದ ತಂತಿಗೆ ಜಿಗಿಯುತ್ತಿತ್ತು. ಹೊಸ ವೋಲ್ಟೇಜು ಒಳಗೆ ಪೂರ್ತಿ ತುಂಬುವಷ್ಟು ಸಮಯವನ್ನು ಅವಳು ಕೊಟ್ಟಿರಲಿಲ್ಲ. ಹಾಗಾಗಿ ಒಳಗುಳಿದ ನೀರಿನ ವೋಲ್ಟೇಜು ಒತ್ತಡದ ಅಂಕಿಯನ್ನು ಕೆಳಗೆಳೆಯುತ್ತಿತ್ತು. ನೀರು ತುಂಬಿದ್ದಷ್ಟು ದಿನ ಎರಡು ವೋಲ್ಟೇಜೂ ಹತ್ತಿರ ಹತ್ತಿರವಿದ್ದು ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ.

"ಬೆಂಕಿ ಆರಿಸು! ಎಣ್ಣೆ ವಾಲ್ವ್ ಕೈಯಲ್ಲೇ ಮುಚ್ಚು!"

"ಯಜಮಾನ್ರು ಇಲ್ಲೇ ಇದ್ದಾರೆ. ಆಸ್ಪತ್ರೆ ಹಾಸಿಗೆ ಬಟ್ಟೆ ಸಂಜೆ ಒಳಗೆ ಹೋಗಬೇಕಂತೆ. ನೀನು ಮಾಡಿದ್ದು ಸುಳ್ಳಾಗುತ್ತಾ? ಸುಮ್ನಿರು."

"ನನ್ನ ನಂಬಬೇಡ ಅಣ್ಣಾ. ಮುಳ್ಳನ್ನ ನಂಬು. ಮುಚ್ಚಿ ಆಚೆ ಓಡು, ಎಲ್ರನ್ನೂ ಓಡಿಸು. ನಿನ್ನ ದಮ್ಮಯ್ಯ!"

ಆ ಕಡೆ ಏನೋ ಕೂಗಾಟ. ಕಬ್ಬಿಣ ತಿರುಗಿದ ಸದ್ದು. ಆಮೇಲೆ ಕಿವಿ ಸೀಳುವ ಸಿಳ್ಳೆ, ಹಿಂದೆಯೇ ಫೋನ್ ಸತ್ತಿತು.

ಫೋನನ್ನೂ ಬಿಟ್ಟು ಬರಿಗಾಲಲ್ಲೇ ಓಡಿದಳು. ಕಾರ್ಖಾನೆಯ ಗೇಟಿನಾಚೆ ಜನ ಗುಂಪುಗೂಡಿದ್ದರು, ಮಾಡಿನ ಮೇಲೆ ಬಿಳಿ ಹಬೆ. ಗುಂಪಿನಲ್ಲಿ ಅಣ್ಣನಿರಲಿಲ್ಲ. ಗೋಡೆಯ ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಕೈ ಹಿಡಿದು ಕೂತಿದ್ದ. ಬಿಸಿ ವಾಲ್ವ್ ಅಂಗೈ ಸುಟ್ಟಿತ್ತು. ಒತ್ತಡ ಮೀರಿದಾಗ ತಾನೇ ತೆರೆಯಬೇಕಾದ ಸೇಫ್ಟಿ ವಾಲ್ವ್ ತಡವಾಗಿಯಾದರೂ ಬಾಯಿ ಬಿಟ್ಟು ಹಬೆ ಉಗುಳಿತ್ತು. ಬಾಯ್ಲರ್ ಉಳಿದಿತ್ತು.

"ನಿನ್ನ ಮಾತು ಕೇಳೋದೋ, ನಿನ್ನ ಬೋರ್ಡಿನ ಮಾತು ಕೇಳೋದೋ ತಿಳೀಲಿಲ್ಲ ಕಣೇ," ಎಂದು ನಗಲು ನೋಡಿದ. ಅವಳಿಗೆ ಅಳು ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡವಳು ಪಕ್ಕದವರ ಫೋನ್ ಕೇಳಿದಳು. ಅವಳು ಮಾಡಿಕೊಟ್ಟ ಅಂಥದೇ ಬೋರ್ಡು ಇನ್ನೂ ಮೂರು ಕಡೆಯ ಬಾಯ್ಲರುಗಳಿಗಿತ್ತು. "ಬೋರ್ಡಕ್ಕ ಮಾತಾಡ್ತಿರೋದು. ತಪ್ಪು ನಂದೇ. ಈಗಲೇ ಬೆಂಕಿ ಆರಿಸಿ," ಎಂದು ಒಬ್ಬೊಬ್ಬರಿಗೂ ಹೇಳಿದಳು. ಒಬ್ಬ ಬೈದು ಬೋರ್ಡನ್ನೇ ಕಿತ್ತು ಕಳಿಸಿದ. ಅಣ್ಣನ ಬೋರ್ಡಿನಲ್ಲೂ, ಉಳಿದಿಬ್ಬರಲ್ಲಿಗೆ ತಾನೇ ಹೋಗಿ ಅವರ ಬೋರ್ಡುಗಳಲ್ಲೂ, ಪರಿವರ್ತಕ ಜಿಗಿದ ಮೇಲಿನ ಮೊದಲ ಅಳತೆಯನ್ನು ಬಿಸಾಡಿ, ತುಸು ಕಾದು, ಎರಡನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಪ್ರೋಗ್ರಾಂ ತಿದ್ದಿದಳು. ಚಿಪ್ಪಿನ ಹಂಗಿಲ್ಲದೆ ಬರ್ನರ್ ಆರಿಸುವ ಒತ್ತಡದ ಸ್ವಿಚ್ಚೊಂದನ್ನೂ ಕೂರಿಸಿದಳು.

ಅಣ್ಣನ ಕೈ ಮಾಯುವವರೆಗೆ ಬಾಯ್ಲರಿನ ಮುಂದೆ ಅವಳೇ ನಿಂತಳು.