ರಜೆಚೀಟಿಯಲ್ಲಿ ಬರೆಯದ ಕಾರಣ

ಸುಳ್ಳು ರಜೆಚೀಟಿ ಬರೆಯುವುದರಲ್ಲಿ ನನ್ನದು ಪಳಗಿದ ಕೈ. ನಂಜನಗೂಡಿನಲ್ಲಿ ಹೈಸ್ಕೂಲು ಓದುವಾಗ ತಿಂಗಳಿಗೊಮ್ಮೆ ‘ವಿಪರೀತ ಜ್ವರ’ ಎಂದು ಬರೆದು ಅಪ್ಪನ ಸಹಿಯನ್ನೂ ನಾನೇ ಹಾಕುತ್ತಿದ್ದೆ. ಮೇಡಂ ಆದ ಮೇಲೆ ಜ್ವರ ಹೋಗಿ ತಲೆನೋವು ಬಂತು, ಅಷ್ಟೇ ಬಡ್ತಿ. ಹಾಗಾಗಿ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಮೂಗೂರು ಕಡೆಯ ನಮ್ಮ ಶಾಲೆಯ ಹುಡುಗಿಯರು ‘ಹೊಟ್ಟೆನೋವು’ ಎಂದು ಚೀಟಿ ತಂದರೆ ಏನೂ ಕೇಳದೆ ಸಹಿ ಹಾಕುತ್ತಿದ್ದೆ. ನಾವೆಲ್ಲ ಒಂದೇ ಕಸುಬಿನವರು.

ಹೆಣ್ಣುಮಕ್ಕಳ ಆ ತಿಂಗಳ ವಿಷಯಕ್ಕೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಹೊರಗಾದಳು, ದೂರ ಕೂತಳು, ಕಾಗೆ ಮುಟ್ಟಿತು. ಪಾಪ ಆ ಕಾಗೆ, ಯಾರ ಮನೆಯ ಹೆಣ್ಣನ್ನೂ ಬಿಟ್ಟಿಲ್ಲ. ಪಂಡಿತರಿಗೆ ರಜಸ್ವಲೆ, ಆಸ್ಪತ್ರೆಯ ನರ್ಸಮ್ಮನಿಗೆ ಡೇಟು. ಇಷ್ಟಿದ್ದರೂ ಹಾಜರಿ ಪುಸ್ತಕಕ್ಕೆ ಹೊಂದುವ ಮಾತು ಒಂದೂ ಇಲ್ಲ. ಅಲ್ಲಿ ಗೈರುಹಾಜರಿಯ ಗುರುತು ಹಾಕಿ ಮುಂದಿನ ಹೆಸರು ಕೂಗುವುದು, ಅಷ್ಟೇ. ವರ್ಷಗಟ್ಟಲೆ ಹಾಗೆ ಕೂಗಿ ಕೂಗಿ ನನಗೂ ಸಾಕಾಗಿತ್ತು.

ಒಂದು ವರ್ಷ ಹತ್ತನೇ ಕ್ಲಾಸಿನ ಭಾಗ್ಯ ಎಂಬ ಹುಡುಗಿಯ ಹಾಜರಿ ಕಡಿಮೆ ಬಿದ್ದು ಹಾಲ್ ಟಿಕೆಟ್ ನಿಂತಿತು. ಪರೀಕ್ಷೆ ತಪ್ಪಿದರೆ ಅಕ್ಕನ ಜೊತೆ ತಾಂಡ್ಯದ ಫ್ಯಾಕ್ಟರಿಗೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ವಿನಾಯಿತಿಯ ಅರ್ಜಿ ಬರೆಯಲು ಕೂತು, ನಾಟಿಗೆ ಹೋದ ದಿನ ಬಿಟ್ಟು ಉಳಿದ ದಿನ ಯಾಕೆ ಬರಲಿಲ್ಲವೆಂದು ಕೇಳಿದೆ.

“ತಿಂಗ್ಳಿಗೆ ನಾಕ್ ದಿನ ಅಂಗೇ ಓಯ್ತವೆ ಮೇಡಂ. ಬಟ್ಟೆ ಬದಲಾಯ್ಸಕ್ಕೆ ಇಲ್ಲಿ ಜಾಗ ಎಲ್ಲದೆ? ಕಕ್ಕಸ್ಗೆ ಬೀಗ ಆಕವ್ರೆ.”

ನಿಜ. ಹೆಣ್ಣುಮಕ್ಕಳಿಗೆಂದೇ ಕಟ್ಟಿಸಿದ ಶೌಚಾಲಯದಲ್ಲಿ ಮುರಿದ ಬೆಂಚುಗಳೂ ಹಳೆಯ ಉತ್ತರಪತ್ರಿಕೆಗಳೂ ಸುಖವಾಗಿದ್ದವು. ಅದರ ಪಕ್ಕದಲ್ಲೇ ದಿನಾ ಓಡಾಡುತ್ತಿದ್ದ ನಾನು, ಕೇಳಿದರೆ ಹೆಡ್‌ಮಾಸ್ಟರು ಏನಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಬಹುಪಾಲು ನನ್ನ ಮೇಲೆಯೇ.

‘ಕಾರಣ’ ಎಂಬಲ್ಲಿ ‘ಮುಟ್ಟು, ಶಾಲೆಯ ಶೌಚಾಲಯಕ್ಕೆ ಬೀಗ’ ಎಂದು ಬರೆದು ಒಯ್ದೆ. ಹೆಡ್‌ಮಾಸ್ಟರು ಸಜ್ಜನರು, ತುಂಬ ಸಂಕೋಚದವರು. ಓದಿ ಹಾಳೆಯನ್ನು ಮಗುಚಿಟ್ಟರು.

“ಅನಾರೋಗ್ಯ ಅಂತ ಬರೀರಿ ಮೇಡಂ. ಇದನ್ನ ಆಫೀಸಿಗೆ ಹೆಂಗೆ ಕಳಿಸ್ಲಿ?”

“ಅನಾರೋಗ್ಯ ಅಂದ್ರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು ಸರ್. ಅದೂ ಅಲ್ದೆ ಇದು ಕಾಯಿಲೆ ಅಲ್ಲ. ನಿಮ್ಮನೇಲೂ ಇಬ್ಬರು ಹೆಣ್ಮಕ್ಕಳಿದ್ದಾರಲ್ಲ.”

ಅವರು ಫ್ಯಾನಿನ ಕಡೆ ನೋಡಿದರು. ನಾನು ಹಾಳೆಯನ್ನು ಮತ್ತೆ ಮಗುಚಿ ಅವರ ಮುಂದಿಟ್ಟೆ. ಕೊನೆಗೆ ನನ್ನ ಮುಖ ನೋಡದೆ ಸಹಿ ಹಾಕಿದರು. ಡ್ರಾಯರಿನಿಂದ ಬೀಗದ ಕೈ ತೆಗೆದು, “ಇದನ್ನ ನೀವೇ ಇಟ್ಕೊಳ್ಳಿ” ಎಂದರು.

ಕ್ರಾಂತಿ ಎನ್ನುವಂಥದ್ದೇನೂ ಆಗಲಿಲ್ಲ. ಭಾಗ್ಯನ ಹಾಲ್ ಟಿಕೆಟ್ ಬಂತು. ಬೆಂಚುಗಳನ್ನು ಹೊರಗೆ ಹಾಕಿಸಿದ್ದಾಯಿತು. ಒಳಗೆ ನಲ್ಲಿ ಇರಲಿಲ್ಲ, ಹುಡುಗಿಯರು ಬೋರ್‌ವೆಲ್ಲಿನಿಂದ ಕೊಡದಲ್ಲಿ ನೀರು ಹೊತ್ತು ತುಂಬಿದರು. ಚಿಲಕವೂ ಇರಲಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗಿನಿಂದ ಬಾಗಿಲು ಹಿಡಿದುಕೊಳ್ಳಬೇಕು. ಎಲ್ಲರದೂ ಮುಗಿದ ಮೇಲೆ ಭಾಗ್ಯ ನನ್ನ ಕಡೆ ತಿರುಗಿದಳು.

“ನೀವೂ ಓಗ್ಬನ್ನಿ ಮೇಡಂ. ನಾನ್ ಬಾಗ್ಲ ಇಡ್ಕತೀನಿ.”

ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ ಸೇರುವವರೆಗೆ ತೊಟ್ಟು ನೀರು ಕುಡಿಯದೆ ಒಂಬತ್ತು ವರ್ಷ ಪಾಠ ಮಾಡಿದವಳು ನಾನು. ಹೋಗಿ ಬಂದು, ಸ್ಟಾಫ್ ರೂಮಿನ ಮಡಕೆಯಿಂದ ಒಂದು ಚೊಂಬು ತುಂಬ ನೀರು ಮೊಗೆದು, ನಿಂತಲ್ಲೇ ಪೂರ್ತಿ ಕುಡಿದೆ.